ದಾರಿ ಕೇಳಿ: ಎಂಟು ದಿನದ ತಮಿಳುನಾಡು, ಸ್ವಂತ ಗಾಡಿಯಲ್ಲಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದಿಕ್ಕಿನವು. ಎಲ್ಲರಿಗೂ ಕಾರಿನಲ್ಲೇ ತಮಿಳುನಾಡು ಸುತ್ತಿ ಬರಬೇಕಿದೆ. ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಬೆಂಗಳೂರಿನವರ ಪ್ಲಾನ್ ಹೊಂದುವುದಿಲ್ಲ. ಅವರು ಹೊಸೂರಿನಲ್ಲಿ ಇಡ್ಲಿ ತಿನ್ನುವ ಹೊತ್ತಿಗೆ ನಾವು ಇನ್ನೂ ರಾಣೆಬೆನ್ನೂರು ದಾಟಿರುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕ ಹಿಡಿದೇ ಬರೆದವು.

ಪ್ರಶ್ನೆ: ನಾವು ಐದು ಜನ. ಅಪ್ಪ, ಅವ್ವ ಇಬ್ಬರಿಗೂ 65 ದಾಟಿದೆ, ಮಗನಿಗೆ ಒಂಬತ್ತು ವರ್ಷ. ಎಂಟು ದಿನ ರಜೆ. ಹುಬ್ಬಳ್ಳಿ–ಬೆಂಗಳೂರು–ಚೆನ್ನೈ–ಪುದುಚೇರಿ–ಚಿದಂಬರಂ–ಕುಂಭಕೋಣಂ–ತಂಜಾವೂರು–ತಿರುಚಿ–ಮದುರೈ–ರಾಮೇಶ್ವರ–ಕನ್ಯಾಕುಮಾರಿ–ಕೊಯಮತ್ತೂರು–ಊಟಿ–ಮೈಸೂರು–ಹುಬ್ಬಳ್ಳಿ ಎಂದು ಪಟ್ಟಿ ಮಾಡಿದ್ದೇವೆ. ಆಗುತ್ತದೆಯೇ? (ಕೇಶ್ವಾಪುರ, ಹುಬ್ಬಳ್ಳಿ)

ಉತ್ತರ: ಗಾಡಿ ಓಡಿಸುವುದೇನೋ ಆಗುತ್ತದೆ, ಊರು ನೋಡುವುದು ಆಗುವುದಿಲ್ಲ. ನಿಮ್ಮ ಪಟ್ಟಿಯ ಒಟ್ಟು ದೂರ ಸುಮಾರು 2,800 ಕಿ.ಮೀ. ಎಂಟರಿಂದ ಭಾಗಿಸಿದರೆ ದಿನಕ್ಕೆ 350. ನಾಲ್ಕು ಪಥದ ರಸ್ತೆ, ಊರೊಳಗಿನ ರಸ್ತೆ, ಟೋಲು, ಚಹಾ, ಮೂತ್ರವಿಸರ್ಜನೆ ಎಲ್ಲ ಸೇರಿ ಗಂಟೆಗೆ 50–55 ಕಿ.ಮೀ. ಸರಾಸರಿ ಸಿಕ್ಕರೆ ಹೆಚ್ಚು. ಅಲ್ಲಿಗೆ ಪ್ರತಿದಿನ ಆರೂವರೆ–ಏಳು ತಾಸು ಸೀಟಿನ ಮೇಲೆ. ಉಳಿದ ಹೊತ್ತಿನಲ್ಲಿ ಲಾಡ್ಜ್ ಹುಡುಕುವುದು, ಪಾರ್ಕಿಂಗ್ ಹುಡುಕುವುದು.

ಅದಕ್ಕಿಂತ ದೊಡ್ಡ ತೊಡಕು ಗಡಿಯಾರದ್ದು. ತಮಿಳುನಾಡಿನ ದೊಡ್ಡ ದೇವಸ್ಥಾನಗಳು ಬಹುತೇಕ ಮಧ್ಯಾಹ್ನ 12 ಅಥವಾ ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು 4ಕ್ಕೆ. ಬೆಳಗ್ಗೆ ತಿಂಡಿ ಮುಗಿಸಿ 9ಕ್ಕೆ ಹೊರಟು 150 ಕಿ.ಮೀ. ಓಡಿಸಿ ಹನ್ನೆರಡೂ ಮುಕ್ಕಾಲಿಗೆ ಗೋಪುರದ ಮುಂದೆ ನಿಲ್ಲುವುದು ನಮ್ಮ ಕಡೆಯವರು ಮಾಡುವ ಮಾಮೂಲು ಎಡವಟ್ಟು. ಆಮೇಲೆ ಬಿಸಿಲಲ್ಲಿ ಮೂರು ತಾಸು ಕಾಯಬೇಕು, ಇಲ್ಲವೇ ನೋಡದೆ ಮುಂದಕ್ಕೆ ಹೋಗಬೇಕು. ಹಾಗಾಗಿ ಕ್ರಮ ತಿರುಗಿಸಿ: ಬೆಳಗಿನ 6ರಿಂದ 11 ದೇವಸ್ಥಾನಕ್ಕೆ, 11ರಿಂದ 3 ರಸ್ತೆಗೆ ಮತ್ತು ಊಟಕ್ಕೆ, 3ರಿಂದ ನಾಲ್ಕೂವರೆ ರೂಮಿನಲ್ಲಿ ಕಾಲು ಚಾಚಲು, ಮತ್ತೆ ಸಂಜೆ ದೇವಸ್ಥಾನಕ್ಕೆ. ಹೀಗೆ ಮಾಡಿದರೆ ಎರಡು ಊರಿನ ನಡುವೆ 60ರಿಂದ 230 ಕಿ.ಮೀ. ಇದ್ದರೆ ಸರಿಹೋಗುತ್ತದೆ, ಅದಕ್ಕಿಂತ ಹೆಚ್ಚಾದರೆ ಸಂಜೆಯ ದರ್ಶನ ಕೈಬಿಡುತ್ತದೆ.

ಪಟ್ಟಿಯಿಂದ ಚೆನ್ನೈ, ಪುದುಚೇರಿ, ಕನ್ಯಾಕುಮಾರಿ, ಊಟಿ ನಾಲ್ಕನ್ನೂ ತೆಗೆಯಿರಿ. ಚೆನ್ನೈಗೆ ಹುಬ್ಬಳ್ಳಿಯಿಂದ ರೈಲು ಇದೆ, ಊಟಿಯನ್ನು ಮೈಸೂರಿನ ಜೊತೆ ಇನ್ನೊಮ್ಮೆ ಮಾಡಬಹುದು. ಕಾವೇರಿ ಬಯಲಿನ ಊರುಗಳು ಮತ್ತು ಮದುರೈ, ಇಷ್ಟೇ ಇಟ್ಟುಕೊಳ್ಳಿ.

ಮೊದಲ ದಿನ ಬೆಳಗ್ಗೆ 5ಕ್ಕೆ ಬಿಡಿ. ಬೆಂಗಳೂರಿಗೆ ಸುಮಾರು 410 ಕಿ.ಮೀ. ಹಾವೇರಿ, ದಾವಣಗೆರೆ ದಾಟಿ ಚಿತ್ರದುರ್ಗದ ಸುತ್ತ ತಿಂಡಿ. ಹಿರಿಯೂರು–ಶಿರಾ ನಡುವಿನ ನೇರ ರಸ್ತೆಯಲ್ಲಿ ತಿಂಡಿ ತಿಂದ ಹೊಟ್ಟೆಗೆ ಕಣ್ಣು ಎಳೆಯುತ್ತದೆ, ಚಾಲಕರನ್ನು ಬದಲಿಸುವುದಿದ್ದರೆ ಅಲ್ಲೇ ಬದಲಿಸಿ. ಬೆಂಗಳೂರಿನ ಒಳಗೆ ಕಾಲಿಡಬೇಡಿ. ತುಮಕೂರು ರಸ್ತೆಯ ಮಾದಾವರದಲ್ಲಿ ನೈಸ್ ರಸ್ತೆ ಹತ್ತಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿಯಿರಿ. ಮಧ್ಯಾಹ್ನ 3ರೊಳಗೆ ಹೊಸೂರು ರಸ್ತೆ ಹಿಡಿದರೆ ಬದುಕಿದಿರಿ. 5ರ ನಂತರ ಕಂಪನಿಗಳು ಬಿಟ್ಟ ಮೇಲೆ ಅದೇ ದೂರಕ್ಕೆ ಎಷ್ಟು ಹೊತ್ತು ಬೇಕೆಂದು ಹೇಳಲಾಗದು. ವಸತಿ ಹೊಸೂರು. ವಯಸ್ಸಾದವರು ಇನ್ನೂ ಗಟ್ಟಿ ಕೂತಿದ್ದರೆ ಇನ್ನು 50 ಕಿ.ಮೀ. ಮುಂದೆ ಕೃಷ್ಣಗಿರಿ.

ಎರಡನೆಯ ದಿನ ಕೃಷ್ಣಗಿರಿ, ಧರ್ಮಪುರಿ, ಸೇಲಂ, ನಾಮಕ್ಕಲ್ ಮೂಲಕ ತಿರುಚಿ. ಹೊಸೂರಿನಿಂದ ಸುಮಾರು 300 ಕಿ.ಮೀ., 6ಕ್ಕೆ ಹೊರಟರೆ ಊಟದ ಹೊತ್ತಿಗೆ ಮುಟ್ಟುತ್ತೀರಿ. ಸಂಜೆ ಮಲೈಕೋಟ್ಟೈ, ಅಂದರೆ ಬಂಡೆಯ ಮೇಲಿನ ಕೋಟೆ ಮತ್ತು ಗುಡಿ. ಅದಕ್ಕೆ 400ಕ್ಕೂ ಹೆಚ್ಚು ಮೆಟ್ಟಿಲು, ನಿಮ್ಮ ತಂದೆ ತಾಯಿ ಕೆಳಗೇ ಕೂರುವುದು ಲೇಸು. ಮೂರನೆಯ ದಿನ ಬೆಳಗ್ಗೆ ಶ್ರೀರಂಗ. ಅಲ್ಲಿ ಗರ್ಭಗುಡಿಯ ಬಿಡುವಿನ ಹೊತ್ತು ಬೇರೆ ದೇವಸ್ಥಾನಗಳಂತಲ್ಲ, ಹಿಂದಿನ ಸಂಜೆಯೇ ಲಾಡ್ಜಿನಲ್ಲಿ ಕೇಳಿಕೊಳ್ಳಿ. ಮಧ್ಯಾಹ್ನ ತಂಜಾವೂರು, 60 ಕಿ.ಮೀ. ಒಳಗೆ.

ತಂಜಾವೂರಿನ ಬೃಹದೀಶ್ವರಕ್ಕೆ ನಾಲ್ಕೂವರೆಗಿಂತ ಮುಂಚೆ ಹೋಗಬೇಡಿ. ಒಂದನೇ ರಾಜರಾಜ ಚೋಳ 1010ರಲ್ಲಿ ಮುಗಿಸಿದ ಈ ಗುಡಿಯ ಅಂಗಳ ಪೂರ್ತಿ ಬಯಲು, ಕಲ್ಲು ಹಾಸು. ಚಪ್ಪಲಿ ಹೊರಗೇ ಬಿಡಬೇಕು. ಬೇಸಿಗೆಯಲ್ಲಿ ಆ ಕಲ್ಲು ಸಂಜೆ 4ಕ್ಕೂ ಕಾದೇ ಇರುತ್ತದೆ. ವಯಸ್ಸಾದವರು, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ಅಂಗಾಲು ಜೋಮು ಹಿಡಿದವರು, ಸುಟ್ಟದ್ದು ತಿಳಿಯದೆ ಬೊಕ್ಕೆ ಎಬ್ಬಿಸಿಕೊಳ್ಳುತ್ತಾರೆ. ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ ಬ್ಯಾಗಿನಲ್ಲಿರಲಿ. ಸುಮಾರು 66 ಮೀಟರ್ ಎತ್ತರದ ವಿಮಾನದ (ಗರ್ಭಗುಡಿಯ ಮೇಲಿನ ಶಿಖರದ) ಮೇಲೆ ಸಂಜೆಯ ಬಿಸಿಲು ಬೀಳುವುದೂ ಆಗಲೇ, ನೋಡಲು ಒಳ್ಳೆಯ ಹೊತ್ತೂ ಅದೇ.

ನಾಲ್ಕನೆಯ ದಿನ 6ಕ್ಕೆ ಹೊರಟು ಏಳೂವರೆ ಒಳಗೆ ದಾರಾಸುರಂನ ಐರಾವತೇಶ್ವರ, ಅಲ್ಲಿಂದ ಸುಮಾರು 40 ಕಿ.ಮೀ. ಗಂಗೈಕೊಂಡ ಚೋಳಪುರಂ. ತಂಜಾವೂರಿನ ಗುಡಿ 1987ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ಈ ಎರಡೂ 2004ರಲ್ಲಿ ಅದಕ್ಕೆ ಕೂಡಿಕೊಂಡವು. ಚೋಳರ ಮೂರು ದೊಡ್ಡ ಗುಡಿಗಳು ಒಂದೂವರೆ ದಿನದಲ್ಲಿ ಆದಂತಾಯಿತು. ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರವಾಸದ ಸಾರ ಈ ಒಂದೂವರೆ ದಿನದಲ್ಲಿದೆ, ಇದನ್ನು ಮಾತ್ರ ಕತ್ತರಿಸಬೇಡಿ. ಲಕ್ಕುಂಡಿ, ಡಂಬಳ ನೋಡಿ ಬೆಳೆದವರು ದಾರಾಸುರಂನ ಕೆತ್ತನೆಯ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ. ವಸತಿ ಕುಂಭಕೋಣಂ.

ಐದನೆಯ ದಿನ ತಂಜಾವೂರು, ತಿರುಚಿ ಬೈಪಾಸ್ ಮೂಲಕ ಮದುರೈ, ಸುಮಾರು 230 ಕಿ.ಮೀ. ಸಂಜೆ ಮೀನಾಕ್ಷಿ ದೇವಸ್ಥಾನ. ಆರನೆಯ ದಿನ ಬೆಳಗ್ಗೆ ಇನ್ನೊಮ್ಮೆ ದೇವಸ್ಥಾನ, ತಿರುಮಲೈ ನಾಯಕರ ಅರಮನೆ, ಆಮೇಲೆ ದಿಂಡಿಗಲ್–ಕರೂರು ಮೂಲಕ ಸೇಲಂ. ಏಳನೆಯ ದಿನ ಬೆಂಗಳೂರು ದಾಟಿ ಚಿತ್ರದುರ್ಗ. ಎಂಟನೆಯ ದಿನ ಸಾವಕಾಶ ಎದ್ದು ಮಧ್ಯಾಹ್ನದ ಊಟಕ್ಕೆ ಮನೆ. ಕೊನೆಯ ದಿನ 600 ಕಿ.ಮೀ. ಒಂದೇ ಏಟಿಗೆ ಓಡಿಸಿ ರಾತ್ರಿ ಹುಬ್ಬಳ್ಳಿ ಮುಟ್ಟುವ ಪ್ಲಾನ್ ಕಾಗದದ ಮೇಲೆ ಚಂದ. ಆದರೆ ದಣಿದ ಚಾಲಕ, ಕತ್ತಲು, ರಸ್ತೆ ಬದಿಯಲ್ಲಿ ದೀಪವಿಲ್ಲದೆ ನಿಂತ ಲಾರಿ ಮೂರೂ ಒಟ್ಟಾಗುವುದು ಇಂಥ ಕೊನೆಯ ರಾತ್ರಿಯಲ್ಲೇ.

ರಾಮೇಶ್ವರ ಬೇಕೇ ಬೇಕು ಎಂದು ಅವ್ವ ಹಟ ಹಿಡಿದರೆ (ಹಿಡಿಯುತ್ತಾರೆ) ಕುಂಭಕೋಣಂ ವಸತಿ ಬಿಡಿ. ನಾಲ್ಕನೆಯ ದಿನ ತಂಜಾವೂರಿನಿಂದ ಮದುರೈ, ಐದನೆಯ ದಿನ ರಾಮೇಶ್ವರ 170 ಕಿ.ಮೀ., ಆರನೆಯ ದಿನ ತೀರ್ಥಸ್ನಾನ ಮುಗಿಸಿ ದಿಂಡಿಗಲ್, ಏಳನೆಯ ದಿನ ತುಮಕೂರು, ಎಂಟನೆಯ ದಿನ ಊರು. ಆಗ ದಾರಾಸುರಂ, ಗಂಗೈಕೊಂಡ ಎರಡೂ ಹೋಗುತ್ತವೆ. ಒಂಬತ್ತನೆಯ ದಿನ ರಜೆ ಸಿಕ್ಕರೆ ಈ ಜಗಳವೇ ಇಲ್ಲ.

ಇನ್ನೊಂದು ದಾರಿಯೂ ಇದೆ. ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿ ಸೆಲ್ಫ್ ಡ್ರೈವ್ ಕಾರು ತೆಗೆದುಕೊಳ್ಳುವುದು. ಹೋಗಿ ಬರುವ 820 ಕಿ.ಮೀ. ಎಂದರೆ ಲೀಟರಿಗೆ 16 ಕೊಡುವ ಕಾರಿಗೆ 51 ಲೀಟರ್ ಪೆಟ್ರೋಲ್, ಅದರ ಮೇಲೆ ಟೋಲು. ಅದೂ ಉಳಿಯಿತು, ಒಂದೂವರೆ ದಿನವೂ ಉಳಿಯಿತು. ಕಾರು ಪಡೆಯುವಾಗ ನೋಡಬೇಕಾದ್ದು ಇಷ್ಟು: ನಂಬರ್ ಪ್ಲೇಟ್ ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರದ್ದೇ ಇರಬೇಕು, ತಮಿಳುನಾಡು ಪ್ರವೇಶಕ್ಕೆ ಅನುಮತಿ ಇದೆಯೆಂದು ಬರೆದುಕೊಟ್ಟಿರಬೇಕು, ದಿನಕ್ಕೆ ಇಷ್ಟೇ ಕಿ.ಮೀ. ಎಂಬ ಮಿತಿ ಇದೆಯೇ ಕೇಳಿರಬೇಕು.

ಪ್ರಶ್ನೆ: ದಸರಾ ರಜೆಯಲ್ಲಿ ಹೊರಡುವುದೋ, ದೀಪಾವಳಿಗೋ? ನಮ್ಮಲ್ಲಿ ಆ ಹೊತ್ತಿಗೆ ಮಳೆ ಹಿಂದಾಗಿರುತ್ತದೆ. ಗದಗಿನಿಂದ ಹುಬ್ಬಳ್ಳಿಗೆ ಬಂದೇ ಹೆದ್ದಾರಿ ಹಿಡಿಯಬೇಕೇ? (ಬೆಟಗೇರಿ, ಗದಗ)

ಉತ್ತರ: ಎರಡೂ ಬೇಡ. ನಮ್ಮಲ್ಲಿ ಮಳೆ ಹಿಂದಾಗುವಾಗಲೇ ಅಲ್ಲಿ ಶುರು. ತಮಿಳುನಾಡಿಗೆ ವರ್ಷದ ಮಳೆಯ ಸುಮಾರು ಅರ್ಧ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರಿನಲ್ಲಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವುದೂ ಹೆಚ್ಚಾಗಿ ಆ ತಿಂಗಳುಗಳಲ್ಲೇ. 1964ರ ಡಿಸೆಂಬರ್‌ನಲ್ಲಿ ಧನುಷ್ಕೋಡಿ ಊರನ್ನು ಅಳಿಸಿದ್ದು ಅಂಥದ್ದೇ ಒಂದು. ಕಾವೇರಿ ಬಯಲು ಚಪ್ಪಟೆ, ನೀರು ಬೇಗ ಇಳಿಯುವುದಿಲ್ಲ.

ನಿಂತ ನೀರಿಗೆ ಕಾರು ಇಳಿಸಲೇಬೇಕಾಗಿ ಬಂದರೆ ಗೆರೆ ಇಷ್ಟು: ಚಕ್ರದ ನಡುವಿನ ಗುಬಟದ ಮಟ್ಟ ದಾಟಿದ ನೀರಿಗೆ ಇಳಿಯಬೇಡಿ. ನಡುನೀರಿನಲ್ಲಿ ಎಂಜಿನ್ ಬಂದಾದರೆ ಮತ್ತೆ ಚಾಲೂ ಮಾಡಲು ಹೋಗಬೇಡಿ. ಗಾಳಿ ಎಳೆಯುವ ಕೊಳವೆಯಿಂದ ನೀರು ಸಿಲಿಂಡರಿಗೆ ಹೊಕ್ಕಿದ್ದರೆ, ಗಾಳಿಯಂತೆ ನೀರು ಒತ್ತಿಗೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲಕ್ಕೆ ಬರುತ್ತಲೇ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಮಾನ್ಯ ವಿಮೆ ಇದಕ್ಕೆ ದುಡ್ಡು ಕೊಡುವುದು ಕಷ್ಟ, ಎಂಜಿನ್ ರಕ್ಷಣೆಯ ಆ್ಯಡ್-ಆನ್ ಬೇರೆಯೇ ಇರಬೇಕು. ತಳ್ಳಿ ಹೊರಗೆ ತನ್ನಿ, ಟೋಯಿಂಗ್ ಕರೆಯಿರಿ.

ಒಳ್ಳೆಯ ಕಾಲವೆಂದರೆ ಜನವರಿ 20ರಿಂದ ಫೆಬ್ರುವರಿ ಕೊನೆ. ಅದಕ್ಕೆ ಮುಂಚೆ ಜನವರಿ 14ರ ಸುತ್ತ ಪೊಂಗಲ್: ಇಡೀ ರಾಜ್ಯ ಊರಿಗೆ ಹೊರಟಿರುತ್ತದೆ, ರೂಮಿನ ದರ ಏರಿರುತ್ತದೆ. ನವೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಶಬರಿಮಲೆ ಯಾತ್ರಿಗಳ ಗಾಡಿಗಳು ಮದುರೈ ದಾರಿಯ ತುಂಬ. ಶ್ರೀರಂಗಕ್ಕೆ ವೈಕುಂಠ ಏಕಾದಶಿಯ ದಿನಗಳು, ಮದುರೈಗೆ ಏಪ್ರಿಲ್–ಮೇ ಸುಮಾರಿನ ಚಿತ್ತಿರೈ ಉತ್ಸವ, ರಾಮೇಶ್ವರಕ್ಕೆ ತೈ (ಜನವರಿ–ಫೆಬ್ರುವರಿ) ಮತ್ತು ಆಡಿ (ಜುಲೈ–ಆಗಸ್ಟ್) ಅಮಾವಾಸ್ಯೆ: ಉತ್ಸವ ನೋಡಲೆಂದೇ ಹೋಗುವವರನ್ನು ಬಿಟ್ಟು ಉಳಿದವರು ಇವನ್ನು ತಪ್ಪಿಸಿ. ಶಾಲೆಯ ರಜೆ ಎಂದು ಮೇ ತಿಂಗಳು ಆರಿಸಿದರೆ ಮಧ್ಯಾಹ್ನ ಕಾರಿನಿಂದ ಇಳಿಯುವ ಆಸೆ ಬಿಡಿ.

ಹುಬ್ಬಳ್ಳಿಗೆ ಬರುವುದು ನಿಮಗೆ ಸುತ್ತು. ಗದಗಿನಿಂದ ಕೊಪ್ಪಳದ ಮೇಲೆ ಹೊಸಪೇಟೆ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕೂಡ್ಲಿಗಿ ಮೂಲಕ ಚಿತ್ರದುರ್ಗಕ್ಕೆ ಸುಮಾರು 230 ಕಿ.ಮೀ. ಹುಬ್ಬಳ್ಳಿ ಮೇಲೆ ಬಂದರೆ 260 ದಾಟುತ್ತದೆ. ಹೊಸಪೇಟೆ ಹತ್ತಿರ ಅದಿರಿನ ಲಾರಿಗಳಿರುತ್ತವೆ, ಬೆಳಕು ಹರಿದ ಮೇಲೆ ಆ ತುಂಡು ಬರುವಂತೆ ಹೊರಡಿ.

ಪ್ರಶ್ನೆ: ಹನ್ನೆರಡು ಮಂದಿ ಸೇರಿ ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆಗೆ ಹಿಡಿಯುತ್ತಿದ್ದೇವೆ. ಪರಿಚಯದವರೊಬ್ಬರು ಎರಡು ಬಿಳಿ ಬೋರ್ಡಿನ ಕಾರು ಅಗ್ಗಕ್ಕೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಯಾವುದು ಒಳ್ಳೆಯದು? (ಹಾವೇರಿ)

ಉತ್ತರ: ಟಿಟಿ. ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ ಎಂಬುದು ಎಲ್ಲರಿಗೂ ಗೊತ್ತು, ದಂಡ ಕಟ್ಟಿದರಾಯಿತು ಅಂದುಕೊಳ್ಳುತ್ತಾರೆ. ದಂಡಕ್ಕಿಂತ ದೊಡ್ಡದು ವಿಮೆ. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಓಟಕ್ಕೆ ಅನ್ವಯಿಸುವುದಿಲ್ಲ ಎಂದು ಪಾಲಿಸಿಯಲ್ಲೇ ಬರೆದಿರುತ್ತದೆ. ಅಪಘಾತವಾದರೆ ಕಂಪನಿ ಮೊದಲು ವಿಚಾರಿಸುವುದೇ ಗಾಡಿ ಯಾರದು, ಕೂತವರು ಯಾರು, ದುಡ್ಡು ಕೊಟ್ಟಿದ್ದರೇ ಎಂದು.

ಟಿಟಿ ಮಾತಾಡುವಾಗ ದರ ಒಂದನ್ನೇ ಕೇಳಬೇಡಿ. ಕಿ.ಮೀ. ಎಣಿಕೆ ಎಲ್ಲಿಂದ? ಮಾಲೀಕರು ಶೆಡ್ಡಿನಿಂದ ಶೆಡ್ಡಿಗೆ ಹಿಡಿಯುತ್ತಾರೆ. ಗಾಡಿ ಹುಬ್ಬಳ್ಳಿಯದಾದರೆ ಹಾವೇರಿಗೆ ಬಂದುಹೋಗುವ ಸುಮಾರು 150 ಕಿ.ಮೀ. ನಿಮ್ಮ ಲೆಕ್ಕಕ್ಕೆ ಬೀಳುತ್ತದೆ, ಆದ್ದರಿಂದ ಹಾವೇರಿಯ ಗಾಡಿಯನ್ನೇ ಹಿಡಿಯಿರಿ. ದಿನದ ಕನಿಷ್ಠ ಕಿ.ಮೀ. ಎಷ್ಟು? 300 ಎಂದರೆ ಎಂಟು ದಿನಕ್ಕೆ 2,400. ನೀವು ಓಡಿಸಿದ್ದು 1,900 ಆದರೂ ಕೊಡಬೇಕಾದ್ದು 2,400ಕ್ಕೆ. ಕಡಿಮೆ ಓಡಿ ಹೆಚ್ಚು ನೋಡುವ ಪ್ಲಾನಿನವರು ಕನಿಷ್ಠವನ್ನು ದಿನಕ್ಕೆ 250ಕ್ಕೆ ಇಳಿಸಲು ಜಗ್ಗಬೇಕು. ಚಾಲಕನ ಬಾಟಾ, ರಾತ್ರಿ ಬಾಟಾ, ಟೋಲು, ಪಾರ್ಕಿಂಗ್, ತಮಿಳುನಾಡಿನ ಪರ್ಮಿಟ್ ಮತ್ತು ತೆರಿಗೆ ಇವನ್ನು ಯಾರು ಕೊಡುತ್ತಾರೆಂದು ವಾಟ್ಸ್ಯಾಪಿನಲ್ಲಾದರೂ ಬರೆಸಿಕೊಳ್ಳಿ. ತೆರಿಗೆ ಕಟ್ಟಿದ ರಸೀದಿಯ ಪ್ರತಿ ಹೊರಡುವ ಹಿಂದಿನ ದಿನವೇ ನಿಮ್ಮ ಮೊಬೈಲಿಗೆ ಬರಲಿ. ಗಡಿಯಲ್ಲಿ ಗಾಡಿ ನಿಲ್ಲಿಸಿ ಆನ್‌ಲೈನ್ ಕಟ್ಟಲು ಕೂತರೆ ಸರ್ವರ್ ಕೈಕೊಟ್ಟಾಗ ಒಂದು ಹೊತ್ತೇ ಹೋಗುತ್ತದೆ.

ಟಿಟಿಗೆ ಗಂಟೆಗೆ 80 ಕಿ.ಮೀ.ಗೆ ವೇಗನಿಯಂತ್ರಕ ಕೂಡಿಸಿರುತ್ತದೆ. ಮೇಲಿನ ಕೇಶ್ವಾಪುರದವರ ಹೊತ್ತಿನ ಲೆಕ್ಕಕ್ಕೆ ನೀವು ಮೊದಲ ದಿನ ಒಂದು ತಾಸು ಸೇರಿಸಿ. ಚಾಲಕ ಒಬ್ಬನೇ ಇದ್ದರೆ ದಿನಕ್ಕೆ ಎಂಟು ತಾಸಿಗಿಂತ ಹೆಚ್ಚು ಓಡಿಸಬಾರದು. ಆತನಿಗೆ ಮಲಗಲು ಮಂಚ ಕೊಡಿ, ಗಾಡಿಯ ಸೀಟು ಸಾಲದು.

ಪ್ರಶ್ನೆ: ಫಾಸ್ಟ್ಯಾಗ್ ವಾರ್ಷಿಕ ಪಾಸ್ ಈ ಒಂದು ಟೂರಿಗಾಗಿ ಮಾಡಿಸಬೇಕೇ? (ರಾಣೆಬೆನ್ನೂರು)

ಉತ್ತರ: 2025ರ ಆಗಸ್ಟ್ 15ರಿಂದ ಜಾರಿಗೆ ಬಂದ ಪಾಸಿನ ಬೆಲೆ 3,000 ರೂಪಾಯಿ ಎಂದಿತ್ತು, ಒಂದು ವರ್ಷ ಅಥವಾ 200 ದಾಟು, ಯಾವುದು ಮೊದಲೋ ಅದು. ಒಂದು ಗೇಟ್ ದಾಟಿದರೆ ಒಂದು, ವಾಪಸು ಬರುವಾಗ ಅದೇ ಗೇಟ್ ಇನ್ನೊಂದು. ಒಂದು ಗೇಟಿಗೆ ಸರಾಸರಿ 80 ರೂಪಾಯಿ ಹಿಡಿದರೆ 38ನೇ ಗೇಟಿಗೆ ಅಸಲು ಹೊರಡುತ್ತದೆ. ತಮಿಳುನಾಡು ಸುತ್ತಿ ಬಂದವರು ಅದರ ಹತ್ತಿರ ಬಂದೇ ಇರುತ್ತಾರೆ. ನೀವು ಬಂಕಾಪುರ, ಚಳಗೇರಿ ಗೇಟುಗಳ ನಡುವೆ ವರ್ಷವಿಡೀ ಓಡಾಡುವವರಾದರೆ ಮರುಯೋಚನೆ ಬೇಡ.

ಎಡವುವ ಜಾಗಗಳು ಹೀಗಿವೆ. ಪಾಸ್ ರಾಷ್ಟ್ರೀಯ ಹೆದ್ದಾರಿ, ರಾಷ್ಟ್ರೀಯ ಎಕ್ಸ್‌ಪ್ರೆಸ್‌ವೇ ಗೇಟುಗಳಿಗೆ ಮಾತ್ರ. ನೈಸ್ ರಸ್ತೆಗೆ, ರಾಜ್ಯ ಸರಕಾರದ ಟೋಲುಗಳಿಗೆ ನಡೆಯುವುದಿಲ್ಲ, ಅಲ್ಲಿ ಹಣ ವ್ಯಾಲೆಟ್ಟಿನಿಂದಲೇ ಹೋಗುತ್ತದೆ. ಆದ್ದರಿಂದ ಪಾಸ್ ಇದ್ದರೂ 500 ರೂಪಾಯಿ ಬ್ಯಾಲೆನ್ಸ್ ಇರಲಿ. ಬಾಡಿಗೆ ಗಾಡಿಗೆ, ಟಿಟಿಗೆ ಪಾಸ್ ಇಲ್ಲ, ಸ್ವಂತ ಬಳಕೆಯ ಕಾರು, ಜೀಪು, ವ್ಯಾನಿಗೆ ಮಾತ್ರ. ಶೋರೂಮಿನವರು ಗಾಡಿಯ ನಂಬರ್ ಬರುವ ಮುಂಚೆ ಚಾಸಿ ನಂಬರ್ ಮೇಲೆ ಟ್ಯಾಗ್ ಕೊಟ್ಟಿದ್ದರೆ, ನೋಂದಣಿ ಸಂಖ್ಯೆ ಸೇರಿಸುವವರೆಗೆ ಪಾಸ್ ಹುಟ್ಟುವುದಿಲ್ಲ. ಇದನ್ನು ಹೊರಡುವ ದಿನ ನೋಡಿಕೊಂಡರೆ ಪ್ರಯೋಜನವಿಲ್ಲ, ವಾರ ಮುಂಚೆ ಬ್ಯಾಂಕಿಗೆ ಹೇಳಿ. ಪಾಸ್ ಮಾಡಿಸಲು ರಾಜಮಾರ್ಗಯಾತ್ರಾ ಆ್ಯಪ್ ಅಥವಾ ಹೆದ್ದಾರಿ ಪ್ರಾಧಿಕಾರದ ವೆಬ್‌ಸೈಟ್ ಸಾಕು, ಏಜೆಂಟರ ಲಿಂಕ್ ಮುಟ್ಟಬೇಡಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ.

ಪ್ರಶ್ನೆ: ಏಳು ವರ್ಷದ ಕಾರು, 60 ಸಾವಿರ ಕಿ.ಮೀ. ಓಡಿದೆ. ಟೈರಿನ ಗುಂಡಿ (ನೆಲಕ್ಕೆ ತಾಗುವ ಕಡೆಯ ಕೆತ್ತನೆ) ಇನ್ನೂ ಚೆನ್ನಾಗಿವೆ. ಸರ್ವಿಸ್ ಆದರೆ ಸಾಕಲ್ಲವೇ? (ಲಕ್ಷ್ಮೇಶ್ವರ)

ಉತ್ತರ: ಗುಂಡಿ ಚೆನ್ನಾಗಿದ್ದರೆ ಸಾಲದು, ರಬ್ಬರಿಗೂ ವಯಸ್ಸಾಗುತ್ತದೆ. ಟೈರಿನ ಪಕ್ಕೆಯಲ್ಲಿ ಉದ್ದನೆಯ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ಒಂದು ಬದಿಯಲ್ಲಿ ಕಾಣದಿದ್ದರೆ ಒಳಬದಿಯಲ್ಲಿ ನೋಡಿ. ಆರು ವರ್ಷ ದಾಟಿದ್ದರೆ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ ಬಾಗಿಸಿ, ಕೂದಲೆಳೆಯಂಥ ಬಿರುಕು ಕಂಡರೆ ಆ ಟೈರ್ ಊರೊಳಗೆ ಓಡಲಿ, ಹೆದ್ದಾರಿಗೆ ಬೇಡ. ಸ್ಟೆಪ್ನಿಯನ್ನೂ ಹೀಗೆಯೇ ನೋಡಿ. ಅದು ಎಂದೂ ಓಡಿರುವುದಿಲ್ಲ, ಆದರೆ ವಯಸ್ಸು ಕಾರಿನಷ್ಟೇ. ಗುಂಡಿಯ ಆಳ ಕನಿಷ್ಠ 1.6 ಮಿ.ಮೀ., ಮಳೆಯಲ್ಲಿ ಹೋಗುವುದಿದ್ದರೆ 3 ಇರಲಿ.

ಗಾಳಿ ಎಷ್ಟು ಎಂದು ಪಂಕ್ಚರ್ ಅಂಗಡಿಯವರನ್ನು ಕೇಳಬೇಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಸ್ಟಿಕ್ಕರ್ ಇದೆ. ಅದರಲ್ಲಿ ಇಬ್ಬರಿಗೆ ಒಂದು ಅಂಕಿ, ಪೂರ್ತಿ ಹೇರಿಗೆ ಇನ್ನೊಂದು. ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಇದ್ದರೆ ಎರಡನೆಯದು. ಬೆಳಗ್ಗೆ ಹೊರಡುವ ಮುಂಚೆ ತಣ್ಣಗಿರುವಾಗಲೇ ಅಳೆಯಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ 3–4 ಹೆಚ್ಚು ತೋರಿಸುತ್ತದೆ, ಅದನ್ನು ಕಂಡು ಗಾಳಿ ಬಿಟ್ಟರೆ ಪಕ್ಕೆ ಹೆಚ್ಚು ಬಾಗಿ ಇನ್ನೂ ಬಿಸಿಯೇರಿ ಸಿಡಿಯುವ ಅಪಾಯ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಅದು ಗಾಳಿಯಲ್ಲಿನ ತೇವ ಹೀರುತ್ತದೆ, ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಆವಿ ಹುಟ್ಟಿದರೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಇದರ ಪರೀಕ್ಷೆ ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಘಾಟಿನಲ್ಲಿ ಆಗುತ್ತದೆ. ಸೇಲಂ ಕಡೆಗೆ ಹೋಗುವಾಗ ಅದು ಉದ್ದನೆಯ ಇಳಿಜಾರು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವ ಲಾರಿಗಳ ಬ್ರೇಕ್ ಅಲ್ಲಿ ಸೋಲುತ್ತದೆ. ನೀವು ಮೂರನೇ ಗೇರಿನಲ್ಲಿ, ಎಂಜಿನ್ನಿನ ಹಿಡಿತದಲ್ಲೇ ಇಳಿಸಿ, ಬ್ರೇಕನ್ನು ಆಗಾಗ ಒತ್ತಿ ಬಿಡಿ, ಒತ್ತಿಯೇ ಇಟ್ಟುಕೊಳ್ಳಬೇಡಿ. ಎರಡು ಲಾರಿಗಳ ನಡುವೆ ಸಿಕ್ಕಿಕೊಳ್ಳದಿರುವುದು ಇನ್ನೂ ಮುಖ್ಯ. ಹಿಂದಿನ ಕನ್ನಡಿಯಲ್ಲಿ ಲಾರಿ ದೊಡ್ಡದಾಗುತ್ತಿದ್ದರೆ ಲೇನ್ ಬಿಟ್ಟುಕೊಡಿ.

ಕಿಟಕಿಗೆ ಕಪ್ಪು ಫಿಲ್ಮ್ ಅಂಟಿಸಿದ್ದರೆ ಕಿತ್ತುಹಾಕಿ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಿರಲಿ. ಆರ್‌ಸಿ, ವಿಮೆ, ಹೊಗೆ ಪ್ರಮಾಣಪತ್ರ ಡಿಜಿಲಾಕರಿನಲ್ಲಿ ಇದ್ದರೆ ಸಾಕು.

ಪ್ರಶ್ನೆ: ಮೀನಾಕ್ಷಿ ದೇವಸ್ಥಾನಕ್ಕೆ ಮೊಬೈಲ್ ಬಿಡುವುದಿಲ್ಲವಂತೆ. ರಾಮೇಶ್ವರದ 22 ತೀರ್ಥ, ಸ್ಫಟಿಕಲಿಂಗ, ಧನುಷ್ಕೋಡಿ ಒಂದೇ ದಿನಕ್ಕೆ ಆಗುತ್ತವೆಯೇ? (ಬ್ಯಾಡಗಿ)

ಉತ್ತರ: ಮೊಬೈಲ್ ಬಿಡುವುದಿಲ್ಲ. ಹೊರಗೆ ಇಡುವ ಕೌಂಟರ್ ಇದೆ, ಆದರೆ ನಾಲ್ಕು ದಿಕ್ಕಿಗೆ ನಾಲ್ಕು ಗೋಪುರ. ಪೂರ್ವದಲ್ಲಿ ಇಟ್ಟು ಪಶ್ಚಿಮದಿಂದ ಹೊರಬಿದ್ದರೆ ಬರಿಗಾಲಲ್ಲಿ ಅರ್ಧ ಸುತ್ತು. ಮೊಬೈಲ್‌ಗಳನ್ನು ಲಾಡ್ಜಿನಲ್ಲೇ ಬಿಟ್ಟು, ಒಬ್ಬರ ಕಿಸೆಯಲ್ಲಿ ಲಾಡ್ಜಿನ ಕಾರ್ಡ್ ಮತ್ತು ಚಿಲ್ಲರೆ ಇಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮುಂಚೆಯೇ ನಿಗದಿಯಾಗಿರಲಿ. ಗುಡಿಯೊಳಗಿನ ಪೊಟ್ರಾಮರೈ ಕೊಳದ ಮೆಟ್ಟಿಲು ಎಲ್ಲರಿಗೂ ಸಿಗುವ ಜಾಗ. ಗಂಡಸರಿಗೆ ಚಡ್ಡಿ ನಡೆಯುವುದಿಲ್ಲ.

ರಾಮೇಶ್ವರಕ್ಕೆ ಹಿಂದಿನ ಮಧ್ಯಾಹ್ನವೇ ಮುಟ್ಟಿ. ಧನುಷ್ಕೋಡಿ ಅಂದೇ ಮುಗಿಸಿ: ಸುಮಾರು 20 ಕಿ.ಮೀ., ತುದಿಯ ಅರಿಚಲ್‌ಮುನೈವರೆಗೂ ಸ್ವಂತ ಕಾರು ಹೋಗುತ್ತದೆ. ಸಂಜೆ ಒಳಗೆ ಬಿಡುವುದನ್ನು ನಿಲ್ಲಿಸುತ್ತಾರೆ, ಮೂರೂವರೆಗೆ ಅಲ್ಲಿರಿ. ರಸ್ತೆ ಬಿಟ್ಟು ಮರಳಿಗೆ ಚಕ್ರ ಇಳಿಸಬೇಡಿ, ಒಮ್ಮೆ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ಮರುದಿನ ಸ್ಫಟಿಕಲಿಂಗದ ದರ್ಶನ ಬೆಳಗ್ಗೆ 5ರಿಂದ 6. ಅದು ಮೊದಲು, ಸ್ನಾನ ಆಮೇಲೆ. ಸಮುದ್ರದ ಅಗ್ನಿತೀರ್ಥ, ನಂತರ ಒಳಗಿನ 22 ಬಾವಿ, ನಂತರ ಬಟ್ಟೆ ಬದಲಿಸಿ ರಾಮನಾಥನ ದರ್ಶನ. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ಕಡೆ ಬಿಡುವುದಿಲ್ಲ. ಹೀಗಾಗಿ ಒಣ ಬಟ್ಟೆಯ ಚೀಲ ಹಿಡಿದು ಹೊರಗೆ ಕೂರಲು ಒಬ್ಬರು ಬೇಕು. ನೆಲ ಪೂರ್ತಿ ಒದ್ದೆ, ಜಾರುತ್ತದೆ. ಮೊಣಕಾಲು ನೋವಿನವರು 22ರ ಆಸೆ ಬಿಟ್ಟು ಅಗ್ನಿತೀರ್ಥಕ್ಕೆ ಸಮಾಧಾನ ಪಡಲಿ.

ಪ್ರಶ್ನೆ: ಬರುವಾಗ ಕೊಯಮತ್ತೂರು–ಊಟಿ–ಮೈಸೂರು ಮೇಲೆ ಬಂದರೆ? (ಸಪ್ತಾಪುರ, ಧಾರವಾಡ)

ಉತ್ತರ: ಬರಬಹುದು, ಎರಡು ದಿನ ಹೆಚ್ಚು ಇಟ್ಟುಕೊಳ್ಳಿ. ನೀಲಗಿರಿ ಜಿಲ್ಲೆಗೂ ಕೊಡೈಕೆನಾಲ್‌ಗೂ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ. ದಿನಕ್ಕೆ ಇಷ್ಟೇ ಗಾಡಿ ಎಂಬ ಮಿತಿ ಬಿದ್ದ ಸೀಸನ್‌ನಲ್ಲಿ ಶನಿವಾರ, ಭಾನುವಾರದ ಪಾಸ್ ಬೇಗ ಮುಗಿಯುತ್ತದೆ. ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ದರೆ ಚೆಕ್‌ಪೋಸ್ಟಿನಲ್ಲಿ ಕಸಿದುಕೊಳ್ಳುತ್ತಾರೆ, ಸ್ಟೀಲಿನದು ಇರಲಿ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿ 36 ತಿರುವಿನ ಕಡಿದಾದ ರಸ್ತೆ. ಹೊರಗಿನ ಗಾಡಿಗಳನ್ನು ಅಲ್ಲಿ ಇಳಿಯಲು ಬಿಡುವುದಿಲ್ಲ, ಮ್ಯಾಪ್ ತೋರಿಸಿದರೂ ನಂಬಬೇಡಿ. ಗುಡಲೂರಿನ ಮೇಲೆ ಬನ್ನಿ. ಬಂಡೀಪುರದ ಕಾಡುರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್. ಊಟಿಯಲ್ಲಿ ಚಹಾ ಕುಡಿಯುತ್ತ ಸಂಜೆ 6 ಮಾಡಿಕೊಂಡವರು ಗುಡಲೂರಿನಲ್ಲಿ ರೂಮು ಹುಡುಕಬೇಕಾಗುತ್ತದೆ.

ಪ್ರಶ್ನೆ: ನಮ್ಮದು 40 ಯೂನಿಟ್ ಬ್ಯಾಟರಿಯ ಇವಿ. ಇಷ್ಟು ದೂರ ನಂಬಬಹುದೇ? (ನವನಗರ, ಹುಬ್ಬಳ್ಳಿ)

ಉತ್ತರ: ನಂಬಬಹುದು, ಕಂಪನಿ ಹೇಳಿದ ರೇಂಜನ್ನು ಮಾತ್ರ ನಂಬಬೇಡಿ. ಎಸಿ ಹಾಕಿ, ಐದು ಜನರನ್ನು ಕೂರಿಸಿ, 90ರ ವೇಗದಲ್ಲಿ ಯೂನಿಟ್ಟಿಗೆ 6 ಕಿ.ಮೀ. ಹಿಡಿಯಿರಿ. ದಾರಿಯಲ್ಲಿ ಬಳಸುವುದು 80ರಿಂದ 20 ಪ್ರತಿಶತದ ನಡುವಿನ ಪಾಲು, ಅಂದರೆ 24 ಯೂನಿಟ್, 144 ಕಿ.ಮೀ. ಮನೆಯಲ್ಲಿ 100 ತುಂಬಿಸಿ ಹೊರಟರೆ ದಾವಣಗೆರೆಗೆ ಸುಮಾರು 40 ಪ್ರತಿಶತ ಉಳಿದು ಮುಟ್ಟುತ್ತೀರಿ. ಅಲ್ಲಿ 80ಕ್ಕೆ ಏರಿಸಿ, ಮುಂದಿನದು ಶಿರಾ. 50 ಕಿಲೋವ್ಯಾಟ್ ಚಾರ್ಜರಿನಲ್ಲಿ 20ರಿಂದ 80ಕ್ಕೆ ಮುಕ್ಕಾಲು ತಾಸು ಬೇಕು. 80ರ ಮೇಲೆ ವೇಗ ಇಳಿಯುತ್ತದೆ, ಕೊನೆಯ 20ಕ್ಕೆ ಕಾದು ಕೂರುವುದು ದಂಡ. ಚಾರ್ಜರ್ ಕೆಟ್ಟಿರುವುದು, ಸಾಲು ಇರುವುದು ಮಾಮೂಲು. ಆದ್ದರಿಂದ ನಿಗದಿ ಮಾಡಿದ ಚಾರ್ಜರಿನಿಂದ 30 ಕಿ.ಮೀ. ಒಳಗೆ ಇನ್ನೊಂದು ಇದೆಯೇ ನೋಡಿ, ಎರಡು ಮೂರು ಕಂಪನಿಗಳ ಆ್ಯಪ್‌ಗಳಲ್ಲಿ ಮೊದಲೇ ದುಡ್ಡು ಹಾಕಿಡಿ.

ಲಾಡ್ಜ್ ಬುಕ್ ಮಾಡುವಾಗ ಪಾರ್ಕಿಂಗ್ ಹತ್ತಿರ 16 ಆಂಪಿಯರ್ ಪ್ಲಗ್ ಇದೆಯೇ ಕೇಳಿ. 3.3 ಕಿಲೋವ್ಯಾಟಿನಲ್ಲಿ ಹತ್ತು ತಾಸಿಗೆ 30 ಯೂನಿಟ್ ಚಿಲ್ಲರೆ ಬರುತ್ತದೆ, ಬೆಳಗಿನ ಓಟಕ್ಕೆ ಧಾರಾಳ. ಹಳೆಯ ಕಟ್ಟಡಗಳಲ್ಲಿ ಪ್ಲಗ್ ಇದ್ದರೂ ಅರ್ತಿಂಗ್ ಇರುವುದಿಲ್ಲ. ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ದೋಷ ಕಾರಿನದಲ್ಲ. ಎಕ್ಸ್‌ಟೆನ್ಷನ್ ವೈರ್ ಹಾಕಿ ಎಳೆಯಲು ಹೋಗಬೇಡಿ, ತೆಳು ತಂತಿ ರಾತ್ರಿಯಿಡೀ ಕಾದು ಕರಗುತ್ತದೆ. ಸಂಜೆ ದೇವಸ್ಥಾನಕ್ಕೆ ಹೊರಡುವ ಮುಂಚೆಯೇ ಪ್ಲಗ್ ಹಾಕಿ ಐದು ನಿಮಿಷ ನೋಡಿ. ಹಿಡಿಯದಿದ್ದರೆ ಬೇರೆ ಚಾರ್ಜರ್ ಹುಡುಕಲು ಇನ್ನೂ ಹೊತ್ತಿರುತ್ತದೆ.